ತುಟಿಯ ಒಳಗಿನ ಗುರುತು

"ಕನ್ನಡಿ ಇನ್ನೊಂಚೂರು ಈ ಕಡೆ ತಿರುಗಿಸು ಸೆಲ್ಸೊ. ಬಿಸಿಲು ನನ್ನ ಮೇಲೆ ಬೇಡ, ಅವರ ಮೇಲೆ ಬೇಕು," ಎಂದರು ಡಾಕ್ಟರ್ ರೆಮೀಹಿಯಾ ಅಕೀನೊ.

ನಾನು ಕನ್ನಡಿ ತಿರುಗಿಸಿದೆ. ಕಿಟಕಿಯಿಂದ ಬಂದ ಬೆಳಗಿನ ಬಿಸಿಲು ಅದಕ್ಕೆ ತಾಗಿ, ಕಲ್ಲಿನ ಮೇಜಿನ ಮೇಲಿದ್ದ ಡೋನ್ಯಾ ಎದುವಿಹೆಸ್ ಅವರ ಕೆನ್ನೆಯ ಮೇಲೆ ಬಿತ್ತು. ಟ್ಯೂಬ್‌ಲೈಟಿನ ಕೆಳಗೆ ಗಾಯದ ಬಣ್ಣಗಳು ಸುಳ್ಳು ಹೇಳುತ್ತವೆ ಎಂಬುದು ಡಾಕ್ಟರ ನಂಬಿಕೆ. ಮೂವತ್ತು ವರ್ಷ ಶವಾಗಾರದಲ್ಲಿ ಕಳೆದವರ ನಂಬಿಕೆ ಅದು. ಪೊಲೀಸು ಕೆಲಸಕ್ಕೆ ಸೇರಿ ಬರೀ ಹದಿನಾಲ್ಕು ವರ್ಷವಾದ ನಾನು ಎದುರಾಡಲಿಲ್ಲ.

"ನೋಡು. ಬಂತು."

ನಿಜಕ್ಕೂ ಬಂದಿತ್ತು. ನಿನ್ನೆ ಏನೂ ಇರದಿದ್ದ ಬಲಗೆನ್ನೆಯಲ್ಲಿ, ದವಡೆಯ ಸ್ವಲ್ಪ ಮೇಲೆ, ಹೆಬ್ಬೆರಳಿನಷ್ಟು ಅಗಲದ ಒಂದು ನೀಲಿ ಮಚ್ಚೆ. ಎಡಗೆನ್ನೆಯಲ್ಲಿ ಒಂದರ ಕೆಳಗೊಂದು ಮೂರು ಸಣ್ಣವು.

ಮಂಗಳವಾರ ಮಧ್ಯಾಹ್ನ, ಊರೆಲ್ಲ ಊಟ ಮಾಡಿ ಮಲಗುವ ಹೊತ್ತಿನಲ್ಲಿ, ವಿಲ್ಯಾ ಜಸಿ ಊರೇ ಗೌರವದಿಂದ ಡೋನ್ಯಾ ಎನ್ನುತ್ತಿದ್ದ ಈ ಎಪ್ಪತ್ತೊಂಬತ್ತರ ಸೂಲಗಿತ್ತಿ ತಮ್ಮ ಹಾಸಿಗೆಯಲ್ಲಿ ಸತ್ತಿದ್ದರು. ಅವರನ್ನು ನೋಡಿಕೊಳ್ಳುತ್ತಿದ್ದ ನಿಮಿಯಾ ಎಂಬ ಹುಡುಗಿ ಅದೇ ಸಂಜೆ ನನ್ನ ಠಾಣೆಯ ಕಂಬಿಯ ಹಿಂದೆ ಕೂತಿದ್ದಳು. ಇವತ್ತು ಗುರುವಾರ. ಸಂಜೆ ಐದಕ್ಕೆ ನ್ಯಾಯಾಧೀಶರು ಸಹಿ ಹಾಕಿದರೆ ಅವಳನ್ನು ರಾಜಧಾನಿಯ ಹೆಂಗಸರ ಜೈಲಿಗೆ ಸಾಗಿಸಬೇಕು.

"ನಿನ್ನೆ ಎಲ್ಲಿತ್ತು ಇದು?" ಎಂದೆ.

"ಆಳದಲ್ಲಿ. ಒಳಗೆ ಒಡೆದ ರಕ್ತ ಚರ್ಮದ ತನಕ ಬರೋಕೆ ಹೊತ್ತು ಬೇಕು. ಪರೀಕ್ಷೆ ಮುಗಿಸಿ ಮಿಕ್ಕ ರಕ್ತ ಎಲ್ಲ ಇಳಿದ ಮೇಲೆ ಚರ್ಮ ಬೆಳ್ಳಗಾಗುತ್ತೆ. ಆಗ ಎದ್ದು ಕಾಣುತ್ತೆ. ಅದಕ್ಕೇ ಎರಡನೇ ಸಲ ನೋಡದೆ ನಾನು ಸಹಿ ಹಾಕಲ್ಲ. ನಿಮ್ಮ ಓರ್ತೆಯಾದೊ ಅದನ್ನ ಸೋಮಾರಿತನ ಅಂತಾರೆ."

ಓರ್ತೆಯಾದೊ ನಮ್ಮ ಸರ್ಕಾರಿ ವಕೀಲರು. ಅವರಿಗೆ ಕತ್ತಿನ ಮೇಲೆ ಕಣ್ಣು. ಮಂಗಳವಾರ ದೇಹ ನೋಡಿದ ಕೂಡಲೇ ಕತ್ತಿನ ಎಡಕ್ಕಿದ್ದ ನೇರಳೆ ಬಣ್ಣ, ತೋಳುಗಳ ಮೇಲಿನ ಕಲೆಗಳನ್ನು ಕಂಡು, ನಿಮಿಯಾಳೇ ಕತ್ತು ಹಿಸುಕಿದ್ದಾಳೆ ಎಂದು ತೀರ್ಮಾನಿಸಿಬಿಟ್ಟಿದ್ದರು.

"ಮೂರೇ ಬೆರಳಿನ ಗುರುತಿದೆ," ಎಂದೆ ನಾನು. "ಅಂದ್ರೆ ಒಂದು ಬೆರಳು ಇಲ್ಲದವನು ಯಾರೋ..."

ಡಾಕ್ಟರ್ ಕನ್ನಡಕದ ಮೇಲಿಂದ ನೋಡಿದರು. "ನೀನು ರೇಡಿಯೊ ನಾಟಕ ಕಡಿಮೆ ಕೇಳಪ್ಪ. ಒತ್ತದ ಬೆರಳು ಗುರುತು ಬಿಡಲ್ಲ, ಅಷ್ಟೆ. ಗಂಡಸಿನ ಕೈಯೋ, ಹೆಂಗಸಿನದೋ ನಾನು ಹೇಳಲ್ಲ. ಎಷ್ಟು ಜೋರಾಗಿ ಒತ್ತಿದ್ರು ಅಂತಾನೂ ಹೇಳಲ್ಲ. ಇವರು ರಕ್ತ ತೆಳುವಾಗೋ ಮಾತ್ರೆ ತಗೊಳ್ತಿದ್ರು. ಅಂಥವರಿಗೆ ಮಗು ಹಿಡಿದರೂ ಕಲೆ ಬೀಳುತ್ತೆ. ಒಂದು ಕೈ ಈ ಬಾಯಿ ಮುಚ್ಚಿತ್ತು. ಅಷ್ಟು ಮಾತ್ರ ಹೇಳ್ತೀನಿ."

"ಮತ್ತೆ ಕತ್ತು?"

"ಕತ್ತಿಗೆ ಯಾರೂ ಕೈ ಹಾಕಿಲ್ಲ. ಅವರು ಎಡಕ್ಕೆ ವಾಲಿಕೊಂಡು ಬಿದ್ದಿದ್ರು, ನಿಂತ ರಕ್ತ ಆ ಕಡೆ ಇಳೀತು. ಕುಯ್ದು ಒರೆಸಿದರೆ ಅಂಥದ್ದು ಹೋಗಿಬಿಡುತ್ತೆ. ಪೆಟ್ಟಿನ ರಕ್ತ ಮಾಂಸಕ್ಕೇ ಹತ್ತಿಕೊಂಡಿರುತ್ತೆ, ಒರೆಸಿದರೆ ಹೋಗಲ್ಲ. ನಾನು ಮೊದಲು ತಲೆ, ಎದೆ ಎರಡರ ರಕ್ತವನ್ನೂ ಇಳಿಸಿ, ಆಮೇಲೆ ಕತ್ತನ್ನ ಪದರ ಪದರವಾಗಿ ಬಿಡಿಸಿದೆ. ಸ್ವಚ್ಛವಾಗಿತ್ತು. ಸಣ್ಣ ಮೂಳೆಯೂ ಮುರಿದಿಲ್ಲ."

"ತೋಳು?"

ಅವರು ಸೂಲಗಿತ್ತಿಯ ತೋಳನ್ನು ನಿಧಾನವಾಗಿ ಎತ್ತಿದರು, ಮಲಗಿದವರನ್ನು ಎಬ್ಬಿಸಬಾರದು ಎಂಬಂತೆ. ಒಳಭಾಗದಲ್ಲಿ ಬೆರಳಿನಗಲದ ಕಲೆಗಳು. ಅಂಚಿನಲ್ಲಿ ತೆಳು ಹಳದಿ.

"ಹಳದಿ ಕಂಡಿತಾ? ಹಾಗಿದ್ರೆ ಕಡಿಮೆ ಅಂದ್ರೂ ಒಂದು ದಿನ ಹಳೇದು. ಹಳದಿ ಇಲ್ಲದ್ದು ಹೊಸದೇ ಅಂತ ಹೇಳೋಕಾಗಲ್ಲ, ಆದ್ರೆ ಹಳದಿ ಇರೋದು ಮಂಗಳವಾರ ಮಧ್ಯಾಹ್ನದ್ದಂತೂ ಅಲ್ಲ. ದಿನಾ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಕೂರಿಸಿದ ಗುರುತು ಇದು. ಚಾಕರಿ ಮಾಡಿದ ಗುರುತು."

ನಾನು ಅಂಗಳಕ್ಕೆ ಹೋಗಿ ಓರ್ತೆಯಾದೊಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಳ್ಳುವುದರಲ್ಲಿ ಅವರಿಗೆ ಸಾಟಿಯಿಲ್ಲ.

"ಸರಿ. ಕತ್ತು ಹಿಸುಕಿಲ್ಲ, ಬಾಯಿ ಮುಚ್ಚಿದಳು. ಮನೇಲಿ ಇದ್ದೋಳು ಅವಳೊಬ್ಬಳೇ ತಾನೆ? ಅದೇ ಹುಡುಗಿ, ಅದೇ ಕಾಗದ, ಒಂದು ಸಾಲು ತಿದ್ದಿದರೆ ಆಯ್ತು. ಐದು ಗಂಟೆ, ಇನ್ಸ್‌ಪೆಕ್ಟರ್ ಬರೇಯ್ರೊ."

ನಾನು ಒಳಗೆ ಬಂದಾಗ ಡಾಕ್ಟರ್ ಬೆರಳಿಂದ ಹೆಣದ ಮೇಲ್ದುಟಿಯನ್ನು ಮೇಲಕ್ಕೆ ಸುತ್ತಿ ಹಿಡಿದಿದ್ದರು.

"ಇದನ್ನ ನಿನ್ನೆ ನೋಡಿದ್ದೆ. ಅರ್ಥ ಆಗಿರಲಿಲ್ಲ. ಬಾ."

ತುಟಿಯ ಒಳಗೆ ಕಪ್ಪುಗೆಂಪು ಗೆರೆಯೊಂದು ಇತ್ತು. ಗೆರೆಯೆಂದರೆ ನೇರ ಗೆರೆಯಲ್ಲ. ಸಣ್ಣ ಸಣ್ಣ ಮೆಟ್ಟಿಲುಗಳಂತೆ ಏರಿಳಿದಿತ್ತು. ಸುತ್ತಲೂ ತುಟಿ ಊದಿಕೊಂಡಿತ್ತು.

"ಹಲ್ಲಿನ ಗುರುತು," ಎಂದೆ. "ತುಟಿಯನ್ನ ಹಲ್ಲಿಗೆ ಒತ್ತಿದ್ದಾರೆ."

"ಯಾವ ಹಲ್ಲಿಗೆ?"

ನಾನು ಬಾಯೊಳಗೆ ನೋಡಿದೆ. ಬೋಳು ವಸಡು. ಒಂದು ಹಲ್ಲೂ ಇರಲಿಲ್ಲ.

ಡಾಕ್ಟರ್ ಪಕ್ಕದ ತಟ್ಟೆಯಿಂದ ಪ್ಲಾಸ್ಟಿಕ್ ಚೀಲ ಎತ್ತಿಕೊಂಡರು. ಅದರಲ್ಲಿದ್ದದ್ದು ಡೋನ್ಯಾ ಎದುವಿಹೆಸ್ ಅವರ ಕಟ್ಟಿಸಿದ ಹಲ್ಲಿನ ಸೆಟ್ಟು. ಮಂಗಳವಾರ ಹಾಸಿಗೆಯ ಪಕ್ಕದ ನೀರಿನ ಲೋಟದಲ್ಲಿ ಸಿಕ್ಕಿದ್ದು. ನಾನೇ ಚೀಲಕ್ಕೆ ಹಾಕಿ ಚೀಟಿ ಅಂಟಿಸಿದ್ದೆ. ಅವರು ಮೇಲಿನ ಸೆಟ್ಟನ್ನು ವಸಡಿಗೆ ಕೂರಿಸಿ ತುಟಿಯನ್ನು ಬಿಟ್ಟರು. ಮೆಟ್ಟಿಲಿಗೆ ಮೆಟ್ಟಿಲು ಕೂತಿತು.

ಮೇಲೆ ಫ್ಯಾನ್ ತಿರುಗುತ್ತಿತ್ತು. ನಾನು ಚೀಲದ ಮೇಲಿನ ನನ್ನ ಚೀಟಿಯನ್ನು ಮತ್ತೊಮ್ಮೆ ಓದಿದೆ.

"ಬಾಯಿ ಮುಚ್ಚಿದಾಗ ಹಲ್ಲು ಬಾಯಲ್ಲಿತ್ತು. ನೀನು ಹೋದಾಗ ಲೋಟದಲ್ಲಿತ್ತು," ಎಂದರು ಅವರು. "ನಡುವೆ ಯಾರೋ ತೆಗೆದಿದ್ದಾರೆ. ಇನ್ನೂ ಒಂದಿದೆ. ಈ ಊತ ನೋಡು. ಊತ ಬರಬೇಕಾದರೆ ಹೃದಯ ಬಡೀತಿರಬೇಕು. ಆ ಕೈ ತೆಗೆದ ತಕ್ಷಣ ಇವರು ಸಾಯಲಿಲ್ಲ. ಎಷ್ಟು ಹೊತ್ತು ಅಂತ ಗಡಿಯಾರ ಇಟ್ಟು ಹೇಳಲಾರೆ. ಆದ್ರೆ ಒಂದಷ್ಟು ಹೊತ್ತು ಬದುಕಿದ್ರು."

*

ನಿಮಿಯಾಗೆ ಠಾಣೆಯ ಅಡುಗೆಯವಳು ಚೀಸಿನ ರೊಟ್ಟಿ ಕೊಟ್ಟಿದ್ದಳು. ಅವಳು ಮುಟ್ಟಿರಲಿಲ್ಲ. ಇಪ್ಪತ್ತನಾಲ್ಕರ ಹುಡುಗಿ, ಹೆಗಲು ಮಾತ್ರ ಮೂಟೆ ಹೊರುವವರ ಹಾಗೆ ಅಗಲ. ನನ್ನನ್ನು ಕಂಡು ಏಳಲಿಲ್ಲ. ಡಾಕ್ಟರನ್ನು ಕಂಡು ಎದ್ದಳು.

"ಅವರನ್ನ ಪೂರ್ತಿ ಕುಯ್ದ್ರಾ, ಡಾಕ್ಟ್ರಮ್ಮ?"

"ಎಷ್ಟು ಬೇಕೋ ಅಷ್ಟು. ಮತ್ತೆ ನೀಟಾಗಿ ಹೊಲಿದಿದ್ದೀನಿ."

"ಕೂದಲು ಬಾಚಿ. ಬಾಚದೆ ಹೊರಗೆ ಕಳಿಸಿದ್ರೆ ಸತ್ತ ಮೇಲೂ ಬಯ್ತಾರೆ."

"ಬಾಚ್ತೀನಿ. ನಿಮಿಯಾ, ಅವರು ಮಧ್ಯಾಹ್ನ ಮಲಗುವಾಗ ಹಲ್ಲು ತೆಗೆದಿಡ್ತಿದ್ರಾ?"

ಅವಳು ನನ್ನತ್ತ ನೋಡಿದಳು, ಇದೂ ಪೊಲೀಸರ ಹೊಸ ಆಟವೇನೋ ಎಂಬಂತೆ. "ಮಧ್ಯಾಹ್ನ ಯಾರ್ ತೆಗೀತಾರೆ? ಯಾರಾದ್ರೂ ಬಸುರಿ ಮನೆಯೋರು ಬಂದು ಬಾಗಿಲು ತಟ್ಟಿದ್ರೆ? ಬೋಳುಬಾಯಲ್ಲಿ ನಿಂತರೆ ನನ್ನ ಮಾತು ಯಾರು ಕೇಳ್ತಾರೆ ಅನ್ನೋರು. ರಾತ್ರಿ ದೀಪ ಆರಿಸಿದ ಮೇಲೆ ತೆಗೆಯೋದು. ಅದೂ ನೀಲಿ ಡಬ್ಬಿಲಿ, ಸೋಡಾಪುಡಿ ಹಾಕಿ. ಕುಡಿಯೋ ಲೋಟದಲ್ಲಿ ಹಲ್ಲು ಹಾಕೋದು ಕೊಳಕರು ಅಂತಿದ್ರು."

"ಸಿಕ್ಕಿದ್ದು ಕುಡಿಯೋ ಲೋಟದಲ್ಲಿ," ಎಂದೆ.

"ಹಾಗಿದ್ರೆ ಹಾಕಿದವರು ಮನೆಯೋರಲ್ಲ, ಇನ್ಸ್‌ಪೆಕ್ಟ್ರೇ. ಇದನ್ನ ಮೊನ್ನೆನೇ ನನ್ನ ಕೇಳಿದ್ದಿದ್ರೆ ಹೇಳ್ತಿದ್ದೆ. ನೀವು ಕೇಳಿದ್ದು ಒಂದೇ, ಯಾಕೆ ಕೊಂದೆ, ಯಾಕೆ ಕೊಂದೆ."

ನನಗೆ ಕಿವಿ ಬಿಸಿಯಾಯಿತು. ತಪ್ಪು ಅವಳದಲ್ಲ.

"ಎಷ್ಟೊತ್ತಿಗೆ ಮನೆ ಬಿಟ್ಟೆ?"

"ಎರಡಕ್ಕೆ. ಚಿಕ್ಕಮ್ಮನ ಮನೆಗೆ ಗೆಣಸು ತರೋಕೆ. ಸ್ವಂತದವರ ಸಾಕ್ಷಿ ಬೇಡ ಅಂದ್ರು ನಿಮ್ಮ ವಕೀಲರು. ವಾಪಸ್ ಬಂದಾಗ ಮನೆ ತುಂಬ ನಿಮ್ಮ ಬೂಟು." ಅವಳು ಡಾಕ್ಟರತ್ತ ತಿರುಗಿದಳು. "ಹೋಗ್ತೀನಿ ಅಂದಾಗ, ಬೇಗ ಬರಬೇಡ, ನಿಧಾನವಾಗೇ ಬಾ ಅಂದ್ರು. ಯಾವತ್ತೂ ಹಾಗೆ ಅಂದಿರಲಿಲ್ಲ."

ಡಾಕ್ಟರ್ ಕಂಬಿಯ ನಡುವೆ ಕೈ ಹಾಕಿ ಅವಳ ಮೊಣಕೈ ಮುಟ್ಟಿದರು. "ರೊಟ್ಟಿ ತಿನ್ನು," ಎಂದರಷ್ಟೆ.

ಹೊರಗೆ ಬಂದು ನಾನು ನನ್ನ ಕಾಗದಗಳನ್ನು ತೆಗೆದೆ. ದೇಹವನ್ನು ಮೊದಲು ಕಂಡವರು ಔಷಧಿ ಅಂಗಡಿಯ ಅಬೆಲಾರ್ದೊ ರೆಕಾಲ್ದೆ, ಊರಿಗೆಲ್ಲ ಗೌರವದ ಡಾನ್ ಅಬೆಲಾರ್ದೊ. ಡೋನ್ಯಾ ಎದುವಿಹೆಸ್ ಅವರ ಧರ್ಮಪುತ್ರ. ಚರ್ಚಿನಲ್ಲಿ ಹೆಸರಿಡುವ ದಿನ ಅವರನ್ನು ಎತ್ತಿಕೊಂಡವರು ಈ ಸೂಲಗಿತ್ತಿಯೇ; ಅದಕ್ಕೇ ಅವರಿಗೆ ಇವರು 'ಮದ್ರೀನಾ', ಧರ್ಮತಾಯಿ. ಮಾತ್ರೆ ಕೊಡಲು ಮೂರು ಗಂಟೆಗೆ ಹೋದೆ, ಆಗಲೇ ಸತ್ತಿದ್ದರು, ನಾನು ಏನನ್ನೂ ಮುಟ್ಟಲಿಲ್ಲ ಎಂದು ಅವರು ಬರೆಸಿದ್ದರು. ಠಾಣೆಗೆ ಫೋನ್ ಬಂದದ್ದು ಮೂರು ಹತ್ತಕ್ಕೆ.

ಅದರ ಕೆಳಗಿನ ಕಾಗದ ಎದುರು ಮನೆಯವರ ಹೇಳಿಕೆ. ಸೆಕೆಗೆ ನಿದ್ದೆ ಬಾರದೆ ಆಗಷ್ಟೇ ಕಿಟಕಿಗೆ ಬಂದು ಕೂತ ಆ ಮುದುಕ, ಡಾನ್ ಅಬೆಲಾರ್ದೊ ಅವರ ಸೈಕಲ್ಲು ಸೂಲಗಿತ್ತಿಯ ಮನೆ ಗೋಡೆಗೆ ಒರಗಿದ್ದನ್ನು ಕಂಡದ್ದು ಎರಡೂವರೆಗೆ. ಮುದುಕರ ಗಡಿಯಾರ ಹಿಂದುಮುಂದಿರುತ್ತದೆ ಎಂದು ನಾನೇ ಅಂಚಿನಲ್ಲಿ ಗೀಚಿದ್ದೆ.

"ಅರ್ಧ ಗಂಟೆ," ಎಂದರು ಡಾಕ್ಟರ್, ನನ್ನ ಹೆಗಲ ಮೇಲಿಂದ ಓದುತ್ತ.

*

ಮಧ್ಯಾಹ್ನ ಎರಡೂವರೆಗೆ ಊರು ಮಲಗಿತ್ತು. ಕೆಂಪು ಮಣ್ಣಿನ ಬೀದಿಯಲ್ಲಿ ನಾಯಿಯೊಂದು ನೆರಳು ಹುಡುಕಿಕೊಂಡು ಹೋಯಿತು. ಔಷಧಿ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ನಾವು ಬಗ್ಗಿ ಒಳಗೆ ಹೋದೆವು.

ಡಾನ್ ಅಬೆಲಾರ್ದೊ ಗಲ್ಲಾದ ಹಿಂದೆ ಕೂತು ಪುದೀನ ಎಲೆ ಬಿಡಿಸುತ್ತಿದ್ದರು. ಐವತ್ತಾರರ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಕೋಟು. ನಮ್ಮನ್ನು ನೋಡಿ ಆಶ್ಚರ್ಯಪಡಲಿಲ್ಲ. ನಮ್ಮಲ್ಲಿ ಬಂದವರಿಗೆಲ್ಲ ಕೊಡುವ ತಂಪು ಕಷಾಯಕ್ಕೆ ಬಟ್ಟಲಿಗೆ ಒಣಸೊಪ್ಪು ತುಂಬಿ, ಐಸುನೀರು ಹೊಯ್ದು, ಹೀರುವ ಕೊಳವೆ ನನ್ನ ಕಡೆ ತಿರುಗಿಸಿ ಕೊಟ್ಟರು.

"ಈ ಬಿಸಿಲಲ್ಲಿ ಪೊಲೀಸರನ್ನ ಓಡಾಡಿಸ್ತಿದ್ದೀರಲ್ಲ, ಡಾಕ್ಟ್ರೇ. ಪಾಪ, ಒಣಗಿ ಹೋಗ್ತಾನೆ."

ನಾನು ಒಂದು ಗುಟುಕು ಎಳೆದು ಬಟ್ಟಲು ವಾಪಸ್ ಕೊಟ್ಟೆ. "ಮಂಗಳವಾರ ಎಷ್ಟೊತ್ತಿಗೆ ಹೋದ್ರಿ, ಡಾನ್ ಅಬೆಲಾರ್ದೊ?"

"ಬರ್ಕೊಂಡಿದ್ದೀಯಲ್ಲ. ಮೂರಕ್ಕೆ."

"ಸೈಕಲ್ ಎರಡೂವರೆಗೇ ಹೋಗಿತ್ತಂತೆ. ನೀವು ಆಮೇಲೆ ನಡ್ಕೊಂಡು ಬಂದ್ರಾ?"

ಅವರು ನಕ್ಕರು, ಬರೀ ತುಟಿಯಲ್ಲಿ. ಮತ್ತೆ ನೀರು ಹೊಯ್ದು ಬಟ್ಟಲನ್ನು ಡಾಕ್ಟರ ಮುಂದಿಟ್ಟರು. ಡಾಕ್ಟರ್ ಮುಟ್ಟಲಿಲ್ಲ.

"ಅಬೆಲಾರ್ದೊ," ಎಂದರು ಡಾಕ್ಟರ್, ಹಳೆಯ ಪರಿಚಯದವರ ದನಿಯಲ್ಲಿ. "ನೀವು ಔಷಧಿ ಓದಿದವರು. ಹಾಗಾಗಿ ಸುತ್ತಿ ಬಳಸಿ ಹೇಳಲ್ಲ. ಮೇಲ್ದುಟಿಯ ಒಳಗೆ ಕಟ್ಟಿಸಿದ ಹಲ್ಲಿನ ಗುರುತಿದೆ. ತುಟಿ ಊದಿದೆ. ಸತ್ತವರ ತುಟಿ ಊದಲ್ಲ. ನೀವು ಹೋದಾಗ ಅವರಿಗೆ ಜೀವ ಇತ್ತು."

ಪುದೀನ ಎಲೆಯ ಮೇಲಿದ್ದ ಅವರ ಬೆರಳು ನಿಂತಿತು.

"ಹಲ್ಲು ತೆಗೆದು ಲೋಟಕ್ಕೆ ಹಾಕಿದ್ದು ನೀವೇ," ಎಂದೆ ನಾನು. "ಏನೂ ಮುಟ್ಟಲಿಲ್ಲ ಅಂತ ಸಹಿ ಹಾಕಿದ್ದೂ ನೀವೇ."

"ಸೆಲ್ಸೊ, ನೀನು ಹುಟ್ಟಿದಾಗ ಬಿಸಿನೀರು ಹೊತ್ತು ತಂದೋನು ನಾನು. ನನ್ನ ಹತ್ತಿರ ಆ ದನಿ ಬೇಡ."

"ಬೇರೆ ದನಿ ಬೇಕಾದ್ರೆ ಠಾಣೆಗೆ ಬನ್ನಿ. ನಿಮಿಯಾ ಪಕ್ಕದ ಕೋಣೆ ಖಾಲಿ ಇದೆ. ಐದಕ್ಕೆ ಅವಳ ಕೋಣೇನೂ ಖಾಲಿ ಆಗುತ್ತೆ."

"ಅವಳಿಗೆ ಏನೂ ಆಗಲ್ಲ. ಡಾಕ್ಟ್ರು ಬಿಡಿಸ್ತಾರೆ ಅಂದ್ಕೊಂಡೆ. ಡಾಕ್ಟ್ರ ಕಣ್ಣಿಗೆ..."

"ನನ್ನ ಕಣ್ಣಿಗೆ ಕೈಯಷ್ಟೇ ಕಾಣೋದು," ಎಂದರು ಡಾಕ್ಟರ್. ದನಿ ಏರಲಿಲ್ಲ. "ಕೈಯ ಹಿಂದೆ ಯಾರಿದ್ದರು ಅಂತ ಕಾಣಲ್ಲ. ಅದು ನಿಮಿಯಾ ಕೈಯಲ್ಲ ಅಂತ ನಾನು ಬರೆಯೋಕಾಗಲ್ಲ. ನಿಮ್ಮ ಕೈಯಲ್ಲ ಅಂತಾನೂ ಬರೆಯೋಕಾಗಲ್ಲ. ಆ ಹುಡುಗಿ ತೋಳಲ್ಲಿ ಎತ್ತಿ ಎತ್ತಿ ಕೂರಿಸಿದ ಗುರುತನ್ನ ಕೊಲೆ ಗುರುತು ಅಂತ ಓದಿದ್ದಾರೆ. ನೀವು ಸುಮ್ಮನಿದ್ದು ಅದಕ್ಕೆ ಹೂಂ ಅಂದಿದ್ದೀರಿ."

ಡಾನ್ ಅಬೆಲಾರ್ದೊ ಎದ್ದು ಹೋಗಿ ಬಾಗಿಲನ್ನು ಪೂರ್ತಿ ಎಳೆದರು. ಅಂಗಡಿ ಮಬ್ಬಾಯಿತು. ವಾಪಸ್ ಬಂದು ಕೂರುವಾಗ ಅವರಿಗೆ ಹತ್ತು ವರ್ಷ ಹೆಚ್ಚಾದಂತಿತ್ತು.

"ಎರಡೂವರೆಗೆ ಹೋದೆ. ಬಾಗಿಲು ತೆರೆದಿತ್ತು. ಮದ್ರೀನಾ ಹಾಸಿಗೆ ಅಂಚಿಗೆ ವಾಲಿದ್ರು. ಬಾಯಿ ನೀಲಿ. ಹಲ್ಲು ಜಾರಿ ಗಂಟಲಿಗೆ ಅಡ್ಡ ಬಂದಿತ್ತು. ತೆಗೆದೆ. ಕೈಗೆ ಸಿಕ್ಕ ಲೋಟಕ್ಕೆ ಹಾಕಿದೆ. ಉಸಿರು ಬಂತು. ಬಂತು ಅಂದ್ಕೊಂಡೆ. ಆಂಬುಲೆನ್ಸಿಗೆ ಫೋನ್ ಮಾಡೋಕೆ ಎದ್ದೆ, ನನ್ನ ಕೋಟು ಹಿಡ್ಕೊಂಡ್ರು."

"ಯಾಕೆ?"

"ಮಾತಾಡೋಕೆ. ಹಲ್ಲಿಲ್ಲದ ಬಾಯಲ್ಲಿ ಒಂದೊಂದೇ ಮಾತು. ಮೊದಲು ಆಣೆ ಇಡು ಅಂದ್ರು. ನನ್ನ ಹೆಸರಿಟ್ಟವರು ಅವರು, ಸೆಲ್ಸೊ. ಇಟ್ಟೆ. ಯಾರಿಗೂ ಹೇಳಲ್ಲ, ಹಿಡಿದುಕೊಡಲ್ಲ ಅಂತ ಆಣೆ ಇಟ್ಟೆ. ಆಮೇಲೆ ಹೇಳಿದ್ರು." ಅವರು ಮುಖ ಒರೆಸಿಕೊಂಡರು. "ಹೇಳಿ ಕೋಟು ಬಿಟ್ರು. ಅಷ್ಟೇ. ಅವರ ಹೃದಯ ಎಷ್ಟು ದುರ್ಬಲ ಅಂತ ನನಗಿಂತ ಯಾರಿಗೆ ಗೊತ್ತು? ನಾನು ಅಲ್ಲೇ ಕೂತಿದ್ದೆ. ಎಷ್ಟೊತ್ತು ಗೊತ್ತಿಲ್ಲ."

"ಏನು ಹೇಳಿದ್ರು?"

ಅವರು ಡಾಕ್ಟರ ಮುಖ ನೋಡಿದರು. ಸುಳ್ಳು ಹೇಳಲು ದಾರಿ ಇದೆಯೇ ಎಂದು ಹುಡುಕಿದಂತೆ ನನಗೆ ಕಂಡಿತು. ಆಮೇಲೆ ಹುಡುಕುವುದನ್ನು ಬಿಟ್ಟರು.

"'ನನ್ನ ಮಗಳು ಬಂದಿದ್ಲು' ಅಂದ್ರು. 'ತಪ್ಪು ನಂದು' ಅಂದ್ರು."

ನಾನು ಬರೆದುಕೊಳ್ಳುತ್ತಿದ್ದವನು ಪೆನ್ನು ಎತ್ತಿದೆ. "ಡಾನ್ ಅಬೆಲಾರ್ದೊ, ಮದುವೆನೇ ಆಗದ ಹೆಂಗಸು ಅವರು. ಅದು ಇಡೀ ಊರಿಗೆ ಗೊತ್ತು. ಮಗಳು ಎಲ್ಲಿಂದ ಬಂದ್ಲು?"

"ನನಗೂ ಅದೇ ಅನ್ನಿಸ್ತು. ಉಸಿರಿಲ್ಲದೆ ಬುದ್ಧಿ ತಪ್ಪಿ ಮಾತಾಡಿದ್ರೇನೋ ಅಂತ. ಹಾಗಂತ ಆಣೆ ಮುರಿಯೋದಾ?"

"ಕಥೆ ಚೆನ್ನಾಗಿದೆ," ಎಂದೆ. ನನಗೆ ಸಿಟ್ಟು ಬಂದಿತ್ತು. "ಸತ್ತವರ ಬಾಯಿಗೆ ಇಲ್ಲದ ಮಗಳನ್ನ ಇಟ್ಟರೆ ಯಾರೂ ಸಾಕ್ಷಿ ಕೇಳಲ್ಲ."

"ಸುಳ್ಳಲ್ಲ," ಎಂದರು ಡಾಕ್ಟರ್.

ಇಬ್ಬರೂ ಅವರತ್ತ ತಿರುಗಿದೆವು. ಅವರು ಮೊದಲ ಸಲ ಬಟ್ಟಲು ಎತ್ತಿಕೊಂಡು, ನಿಧಾನವಾಗಿ ಒಂದು ಗುಟುಕು ಎಳೆದು, ಕೆಳಗಿಟ್ಟರು.

"ಹೆತ್ತವಳ ಗರ್ಭದ ಬಾಯಿ ಹೆರದವಳ ಹಾಗಿರಲ್ಲ. ಬುಧವಾರವೇ ನೋಡಿದ್ದೆ. ನನ್ನ ಕರಡು ವರದಿಯ ನಾಲ್ಕನೇ ಪುಟದಲ್ಲಿದೆ. ನೀವ್ಯಾರೂ ಕತ್ತು ಬಿಟ್ಟು ಬೇರೇನೂ ಕೇಳಲಿಲ್ಲ." ಅವರು ನನ್ನನ್ನು ನೋಡಿದರು. "ಯಾವ ವರ್ಷ, ಎಲ್ಲಿ, ಮಗು ಬದುಕಿತೋ ಇಲ್ಲವೋ, ಒಂದು ಸಲವೋ ಹೆಚ್ಚೋ, ಅದನ್ನ ದೇಹ ಹೇಳಲ್ಲ. ಹೆತ್ತಿದ್ದಾರೆ ಅಂತ ಮಾತ್ರ ಹೇಳುತ್ತೆ."

ಡಾನ್ ಅಬೆಲಾರ್ದೊ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಊರಿನ ಸಾವಿರ ಮಕ್ಕಳನ್ನು ಕೈಯಲ್ಲಿ ಹಿಡಿದವರು ತಮ್ಮ ಮಗುವನ್ನು ಎಲ್ಲಿ ಬಿಟ್ಟು ಬಂದರು? ಯಾರ ಕೈಗೆ ಕೊಟ್ಟರು? ನಾನು ಲೆಕ್ಕ ಹಾಕಲು ನೋಡಿದೆ. ಆ ಮಗಳಿಗೆ ಈಗ ಮೂವತ್ತೈದೂ ಇರಬಹುದು, ಅರವತ್ತೂ ಇರಬಹುದು. ಈ ಬೀದಿಯಲ್ಲೇ ಮಲಗಿರಬಹುದು.

ಡಾಕ್ಟರ ಫೋನ್ ರಿಂಗಾಯಿತು. ಶವಾಗಾರದ ಸಹಾಯಕ ತಿಮೊತೆಯೊ. ಅವರು ಗಲ್ಲಾದ ಮೇಲೆ ಫೋನ್ ಇಟ್ಟು ಎಲ್ಲರಿಗೂ ಕೇಳುವಂತೆ ಮಾಡಿದರು.

"ಡಾಕ್ಟ್ರೇ, ನಿದ್ದೆ ಕೆಡಿಸಿದ್ನಾ? ಡೋನ್ಯಾ ಎದುವಿಹೆಸ್ ದೇಹ ಕೇಳ್ಕೊಂಡು ಬಂದಿದ್ದಾರೆ. ಮಗಳಂತೆ."

ಡಾನ್ ಅಬೆಲಾರ್ದೊ ತಲೆ ಎತ್ತಿದರು. ನಾನು ಆಗಲೇ ಎದ್ದು ನಿಂತಿದ್ದೆ.

"ಕೂರಿಸು ತಿಮೊತೆಯೊ," ಎಂದರು ಡಾಕ್ಟರ್, ಅದೇ ನಿಧಾನದ ದನಿಯಲ್ಲಿ. "ನೀರು ಕೊಡು. ಹೆಸರು ಬರ್ಕೊ. ನಾವು ಬರೋ ತನಕ ಹೋಗೋಕೆ ಬಿಡಬೇಡ."

"ಯಾರ ಹೆಸರು ಬರ್ಕೊಳ್ಳಲಿ?" ತಿಮೊತೆಯೊ ದನಿ ತಗ್ಗಿಸಿದ. "ಇಬ್ಬರು ಬಂದಿದ್ದಾರೆ ಡಾಕ್ಟ್ರೇ. ಬೇರೆ ಬೇರೆ ಬಂದ್ರು. ಒಬ್ಬರಿಗೊಬ್ಬರು ಗುರುತಿಲ್ಲ. ಇಬ್ಬರೂ ನಾನೇ ಮಗಳು ಅಂತಿದ್ದಾರೆ."